ಒಂಬತ್ತು ಪೆಟ್ಟಿಗೆ ಜೇನು, ಹನ್ನೆರಡು ಎಕರೆ ಕಂದಾಯ

2022ರ ಮೇ ತಿಂಗಳಲ್ಲಿ ಒಂದು ಕವರ್ ಬಂತು. ನಾನು ಅದನ್ನ ಎರಡು ದಿನ ಫ್ರಿಜ್ ಮೇಲೆ ಹಾಗೇ ಬಿಟ್ಟಿದ್ದೆ, ಯಾವುದೋ ಇನ್ಶೂರೆನ್ಸ್ ಜಾಹೀರಾತು ಅಂದ್ಕೊಂಡು. ಹೆಂಡತಿ ಒಡೆದು ನೋಡಿ "ರೀ, ನಮ್ಮ ಜಮೀನಿಗೆ ಮೂರು ಲಕ್ಷ ಡಾಲರ್ ಬೆಲೆ ಕಟ್ಟಿದಾರೆ" ಅಂದಾಗ ನಂಗೆ ಒಂದು ಕ್ಷಣ ಖುಷಿನೇ ಆಯ್ತು ಅನ್ನಿ, ಆಮೇಲೆ ಕೆಳಗಿನ ಲೈನ್ ಓದಿದೆ. ಅಗ್ರಿಕಲ್ಚರ್ ವ್ಯಾಲ್ಯೂ, ಅಂದ್ರೆ ವ್ಯವಸಾಯದ ಲೆಕ್ಕದ ಬೆಲೆ, ಅನ್ನೋ ಜಾಗದಲ್ಲಿ ಸೊನ್ನೆ. ಅಂದ್ರೆ ಪೂರ್ತಿ ಮೂರು ಲಕ್ಷಕ್ಕೂ ಟ್ಯಾಕ್ಸ್. ನಮ್ಮ ಕಡೆ ಸ್ಕೂಲು, ಕೌಂಟಿ (ಇಲ್ಲಿನ ಜಿಲ್ಲೆ ಅನ್ನಿ), ಆಸ್ಪತ್ರೆ ಎಲ್ಲಾ ಸೇರಿ ಸುಮಾರು 1.8 ಪರ್ಸೆಂಟ್, ಲೆಕ್ಕ ಹಾಕಿದ್ರೆ ವರ್ಷಕ್ಕೆ 5,400 ಡಾಲರ್. ಹಿಂದಿನ ಓನರ್ ಕಟ್ತಾ ಇದ್ದಿದ್ದು ಎಷ್ಟು ಗೊತ್ತಾ, 32 ಡಾಲರ್!

ಜಮೀನು ಇರೋದು ಟೆಕ್ಸಾಸ್‌ನ ಆಸ್ಟಿನ್ನಿಂದ ಪೂರ್ವಕ್ಕೆ ಒಂದು ಗಂಟೆ ದಾರಿ, ಹನ್ನೆರಡು ಎಕರೆ, ಮರಳು ಮಣ್ಣು, ಅರ್ಧ ಪೋಸ್ಟ್ ಓಕ್ ಮರ, ಕೆಳಗೆಲ್ಲಾ ಯೋಪಾನ್ ಪೊದೆ, ಉಳಿದಿದ್ದು ಹುಲ್ಲು. 2021ರ ಅಕ್ಟೋಬರಲ್ಲಿ ತಗೊಂಡ್ವಿ. ಆಗ ಮಾರಿಸಿಕೊಟ್ಟ ಏಜೆಂಟು ಹತ್ತು ಸಲ ಹೇಳಿದ್ದ, ಇದಕ್ಕೆ ಆಗ್ ಎಕ್ಸೆಂಪ್ಶನ್ (ಅಗ್ರಿಕಲ್ಚರ್ ಅಂತ ಟ್ಯಾಕ್ಸ್ ವಿನಾಯ್ತಿ) ಇದೆ, ಟ್ಯಾಕ್ಸ್ ತಲೆನೋವೇ ಇಲ್ಲ ಅಂತ. ಅವನು ಸುಳ್ಳು ಹೇಳಲಿಲ್ಲ. ಇತ್ತು, ಹಿಂದಿನವರ ಹೆಸರಲ್ಲಿ ಇತ್ತು. ಓನರ್ ಬದಲಾದ್ರೆ ಹೊಸಬರು ಹೊಸದಾಗಿ ಅರ್ಜಿ ಹಾಕಬೇಕು, ಏಪ್ರಿಲ್ ಮುಗಿಯೋದ್ರೊಳಗೆ ಹಾಕಬೇಕು, ಅದನ್ನ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಊರಲ್ಲಿ ಅಪ್ಪ ಖಾತೆ ಬದಲಾವಣೆಗೆ ತಾಲ್ಲೂಕು ಆಫೀಸಿಗೆ ಎಷ್ಟು ಸಲ ಅಲೆದಿದ್ರು ಅಂತ ಕಣ್ಣಾರೆ ನೋಡಿ ಬೆಳೆದವನು ನಾನು, ಆದ್ರೂ ಅಮೆರಿಕಾದಲ್ಲಿ ಎಲ್ಲಾ ತನ್ನಷ್ಟಕ್ಕೆ ಆಗುತ್ತೆ ಅನ್ನೋ ಭ್ರಮೆ ಎಲ್ಲಿಂದ ಬಂತೋ.

ಈಗ ಯಾರಾದ್ರೂ ಸ್ನೇಹಿತರು "ಗುರು, ಟೆಕ್ಸಾಸ್‌ನಲ್ಲಿ ಜಮೀನು ತಗೋತಿದೀನಿ, ಆ ಎಕ್ಸೆಂಪ್ಶನ್ ಕಥೆ ಏನು" ಅಂತ ಫೋನ್ ಮಾಡ್ತಾನೇ ಇರ್ತಾರೆ, ಪ್ರತಿ ಸಲ ಮುಕ್ಕಾಲು ಗಂಟೆ ಹೋಗುತ್ತೆ, ಅದಕ್ಕೆ ಇಲ್ಲಿ ಬರೆದು ಹಾಕ್ತಿದೀನಿ.

ಮೊದಲನೇದಾಗಿ, ಇದು ಎಕ್ಸೆಂಪ್ಶನ್ನೇ ಅಲ್ಲ. ಎಲ್ಲರೂ ಹಾಗಂತಾರೆ ಅಷ್ಟೆ. ಟ್ಯಾಕ್ಸ್ ಮಾಫಿ ಆಗಲ್ಲ, ಬೆಲೆ ಕಟ್ಟೋ ರೀತಿ ಬದಲಾಗುತ್ತೆ. ನಿಮ್ಮ ಜಮೀನನ್ನ ಮಾರಿದ್ರೆ ಎಷ್ಟು ಬರುತ್ತೆ ಅಂತ ನೋಡೋ ಬದಲು, ಅದರಲ್ಲಿ ಹುಲ್ಲು ಬೆಳೆದ್ರೆ, ದನ ಮೇಯಿಸಿದ್ರೆ ಎಕರೆಗೆ ಎಷ್ಟು ಹುಟ್ಟುತ್ತೆ ಅಂತ ಐದು ವರ್ಷದ ಸರಾಸರಿ ಹಿಡಿದು ಬೆಲೆ ಕಟ್ತಾರೆ. ನಮ್ಮದು ಮಾರ್ಕೆಟ್ಟಲ್ಲಿ ಎಕರೆಗೆ 25,000 ಡಾಲರ್, ಹುಲ್ಲಿನ ಲೆಕ್ಕದಲ್ಲಿ ಸುಮಾರು 150. ಟ್ಯಾಕ್ಸ್ ರೇಟು ಅದೇ, ಮೂಲ ಬೆಲೆ ಬೇರೆ. ಇದನ್ನ ಯಾಕೆ ತಂದ್ರು ಅಂದ್ರೆ, ಊರು ಬೆಳೀತಾ ಬಂದ ಹಾಗೆ ಪಕ್ಕದ ಹೊಲಗಳಿಗೂ ಸೈಟಿನ ರೇಟು ಬಂತು, ದನ ಸಾಕೋನು ಸೈಟಿನ ರೇಟಿಗೆ ಟ್ಯಾಕ್ಸ್ ಕಟ್ಟೋಕಾಗದೆ ಮಾರಿ ಹೋಗೋ ಹಾಗಾಯ್ತು. ನಮ್ಮ ದೇವನಹಳ್ಳಿ ಸುತ್ತಮುತ್ತ ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. 1966ರಲ್ಲಿ ಟೆಕ್ಸಾಸ್ ಜನ ಓಟು ಹಾಕಿ ಸಂವಿಧಾನಕ್ಕೇ ಒಂದು ತಿದ್ದುಪಡಿ ಸೇರಿಸಿದ್ರು, ಅದು 1-ಡಿ, ಆದ್ರೆ ಅದರಲ್ಲಿ ವ್ಯವಸಾಯನೇ ಮುಖ್ಯ ಕಸುಬಾಗಿರಬೇಕು ಅಂತ ಇತ್ತು. 1978ರಲ್ಲಿ ಇನ್ನೊಂದು ಬಂತು, 1-ಡಿ-1. ಇದಕ್ಕೆ ನಿಮ್ಮ ಕಸುಬು ಏನು ಅಂತ ಯಾರೂ ಕೇಳಲ್ಲ, ಭೂಮಿ ಏನು ಮಾಡ್ತಿದೆ ಅಂತ ಮಾತ್ರ ಕೇಳ್ತಾರೆ. ದಿನಾ ಎಂಟು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂರೋ ನನ್ನಂಥವನು ಇವತ್ತು ರೈತ ಅನ್ನಿಸಿಕೊಂಡಿರೋದು ಈ ಎರಡನೇದರ ಕೃಪೆ.

ಸರಿ, ಭೂಮಿ ಏನು ಮಾಡ್ತಿರಬೇಕು? ಆ ಸುತ್ತಿನಲ್ಲಿ ನಿಜವಾದ ರೈತರು ಎಷ್ಟು ಮಾಡ್ತಾರೋ ಅಷ್ಟಾದ್ರೂ ಮಾಡ್ತಿರಬೇಕು. ಹತ್ತು ಎಕರೆಗೆ ಒಂದು ಮೇಕೆ ಕಟ್ಟಿಹಾಕಿ ನಾನೂ ಕುರಿಗಾಹಿ ಅಂದ್ರೆ ನಡೆಯಲ್ಲ. ಹಿತ್ತಲಲ್ಲಿ ನಾಲ್ಕು ಸಾಲು ಬದನೆ, ಮೆಂತ್ಯ ಹಾಕಿದ್ರೆ ನಡೆಯಲ್ಲ. ಶೋಕಿಗೆ ಕುದುರೆ ಇಟ್ಕೊಂಡ್ರೂ ನಡೆಯಲ್ಲ, ಮರಿ ಹಾಕಿಸೋ ದಂಧೆ ಇದ್ರೆ ಸೈ. ಎಷ್ಟು ಎಕರೆಗೆ ಎಷ್ಟು ದನ, ವರ್ಷಕ್ಕೆ ಎಷ್ಟು ಸಲ ಹುಲ್ಲು ಕೊಯ್ದು ಬೇಲ್ ಕಟ್ಟಬೇಕು ಅನ್ನೋದೆಲ್ಲ ಆಯಾ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟು (ಟ್ಯಾಕ್ಸಿಗೆ ಜಮೀನಿನ ಬೆಲೆ ಕಟ್ಟೋ ಕಚೇರಿ) ಬರೆದಿಟ್ಟಿರುತ್ತೆ, ಟೆಕ್ಸಾಸಲ್ಲಿ 254 ಕೌಂಟಿ ಇದಾವೆ, ಪಕ್ಕದ ಕೌಂಟಿಯ ಸ್ನೇಹಿತ ಹೇಳಿದ್ದು ನಿಮಗೆ ಲಾಗೂ ಆಗದೇ ಇರಬಹುದು, ನಿಮ್ಮ ಕೌಂಟಿಯ ಕಾಗದನೇ ಓದಿ. ಇನ್ನೊಂದು, ಹಿಂದಿನ ಏಳು ವರ್ಷದಲ್ಲಿ ಕನಿಷ್ಠ ಐದು ವರ್ಷ ಆ ಭೂಮಿಲಿ ವ್ಯವಸಾಯ ನಡೆದಿರಬೇಕು. ಈ ಹಿಸ್ಟರಿ ಅಂಟಿಕೊಂಡಿರೋದು ಭೂಮಿಗೆ, ನಿಮಗಲ್ಲ. ಹಿಂದಿನವರು ಮಾಡಿದ್ರೆ ಆ ಲೆಕ್ಕ ನಿಮಗೆ ಸಿಗುತ್ತೆ. ಅವರು ಪಾಳು ಬಿಟ್ಟಿದ್ರೆ ನೀವು ಐದು ವರ್ಷ ಫುಲ್ ಟ್ಯಾಕ್ಸ್ ಕಟ್ಕೊಂಡೇ ದನ ಮೇಯಿಸಬೇಕು, ಆರನೇ ವರ್ಷ ಅರ್ಜಿ. ಸಿಟಿ ಲಿಮಿಟ್ ಒಳಗಿದ್ರೆ ಇನ್ನೂ ಬಿಗಿ. ಹಾಗಾಗಿ ಜಮೀನು ನೋಡೋಕೆ ಹೋದಾಗ ಬಾವಿ ಇದ್ಯಾ, ಕರೆಂಟ್ ಇದ್ಯಾ ಅಂತ ಕೇಳೋ ಹಾಗೆ ಕಳೆದ ಏಳು ವರ್ಷ ಇಲ್ಲಿ ಏನು ನಡೀತಿತ್ತು ಅಂತಾನೂ ಕೇಳಿ.

ನಮ್ಮ ಅದೃಷ್ಟ, ನಮ್ಮದರಲ್ಲಿ ದನ ಮೇಯ್ತಾ ಇದ್ವು. ಪಕ್ಕದ ದನದ ಫಾರ್ಮಿನ ಅಜ್ಜನ ದನ. ಹಿಂದಿನ ಓನರ್ ಬಾಯಿಮಾತಲ್ಲಿ ಬಿಟ್ಟಿದ್ರು, ಕಾಸಿಲ್ಲ ಕರಾರಿಲ್ಲ, ಅವನು ಬೇಲಿ ರಿಪೇರಿ ನೋಡ್ಕೋಬೇಕು, ಹುಲ್ಲು ಅವನ ದನಕ್ಕೆ. ನಾವು ತಗೊಂಡ ಮೇಲೂ ಹಾಗೇ ನಡೀತಿತ್ತು. ಈ ವಿಷಯ ನಾನೊಂದ್ಸಲ ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ಹೇಳಿದ್ದೇ ತಡ, ಅವರ ಮುಖ ನೋಡಬೇಕಿತ್ತು.

"ಯಾರೋ ಪಕ್ಕದೋನ ದನ ಬಿಟ್ಕೊಂಡಿದೀಯಾ? ಎಷ್ಟು ವರ್ಷದಿಂದ?"

"ಹಿಂದಿನ ಓನರ್ ಕಾಲದಿಂದ್ಲೂ ಅಪ್ಪಾ."

"ಹೋಯ್ತು ಬಿಡು. ನಾಳೆ ಡಿಕ್ಲರೇಷನ್ ಹಾಕ್ತಾನೆ, ನಿನ್ನ ಜಮೀನು ಅವನ ಹೆಸರಿಗೆ."

ನಗಬೇಡಿ. ನಮ್ಮದು ಸಕಲೇಶಪುರದ ಕಡೆ ಊರು, ತಾತನ ಕಾಲದಲ್ಲಿ ಗೇಣಿಗೆ ಕೊಟ್ಟಿದ್ದ ಗದ್ದೆ 1974ರ ಭೂಸುಧಾರಣೆ ತಿದ್ದುಪಡಿಲಿ ಉಳುವವನ ಪಾಲಾಯ್ತು. ಏಳನೇ ನಂಬರ್ ಫಾರಂ (ಗೇಣಿದಾರ ಜಮೀನು ತನಗೆ ಕೊಡಿ ಅಂತ ಹಾಕೋ ಅರ್ಜಿ) ಅನ್ನೋ ಮಾತು ನಮ್ಮ ಮನೇಲಿ ನಾನು ಚಿಕ್ಕೋನಿದ್ದಾಗ ದೆವ್ವದ ಹೆಸರು ಹೇಳೋ ಹಾಗೆ ಹೇಳ್ತಿದ್ರು. (ಗೇಣಿ ಮಾಡ್ತಿದ್ದ ಮನೆಯವರು ಅದೇ ಫಾರಂಗೆ ಪೂಜೆ ಮಾಡಿರ್ತಾರೆ, ಅದೂ ನಿಜಾನೇ. ಕಾಲೇಜಿಗೆ ಹೋದ ಮೇಲೆ ನಂಗೆ ಅವರ ಕಡೆ ನ್ಯಾಯ ಕಾಣ್ಸೋಕೆ ಶುರುವಾಯ್ತು, ಅಪ್ಪನ ಹತ್ರ ಹೇಳೋ ಧೈರ್ಯ ಇವತ್ತಿಗೂ ಬಂದಿಲ್ಲ.) ಅಂಥ ಅಪ್ಪನಿಗೆ, ಇಲ್ಲಿ ಪಕ್ಕದೋನ ದನ ಮೇಯ್ದ್ರೆನೇ ನನ್ನ ಟ್ಯಾಕ್ಸ್ ಉಳಿಯೋದು, ಮೇಯ್ದಿಲ್ಲ ಅಂದ್ರೆ ಕೆಟ್ಟೆ ಅಂತ ವಿವರಿಸೋಕೆ ಅರ್ಧ ಗಂಟೆ ಹಿಡೀತು. ಕೊನೆಗೂ ನಂಬಿದ ಹಾಗೆ ಕಾಣಲಿಲ್ಲ, "ಏನಾದ್ರೂ ಬರೆಸ್ಕೋ ಮಾರಾಯ, ಬರೆಸ್ಕೋ" ಅಂತ ಫೋನಿಟ್ರು.

ಕಾರಣ ಬೇರೆ ಇರಬಹುದು, ಆದ್ರೆ ಅವರ ಬುದ್ಧಿ ಸರಿಯಾಗೇ ಇತ್ತು. ಆ ಮೇ ತಿಂಗಳ ಕವರ್ ಬಂದ ಮೇಲೆ ನಂಗೆ ಬೇಕಾಗಿದ್ದೇ ಅದು, ಬರೆದ ಕಾಗದ. ಏಪ್ರಿಲ್ ಕಳೆದುಹೋಗಿತ್ತು, ಆದ್ರೆ ಆ ವರ್ಷದ ಲೆಕ್ಕಪುಸ್ತಕಕ್ಕೆ ರಿವ್ಯೂ ಬೋರ್ಡ್ (ಬೆಲೆ ಬಗ್ಗೆ ತಕರಾರು ಕೇಳೋ ಸಮಿತಿ) ಸಹಿ ಹಾಕೋವರೆಗೂ, ಅಂದ್ರೆ ಸಾಮಾನ್ಯವಾಗಿ ಜುಲೈವರೆಗೂ, ತಡವಾದ ಅರ್ಜಿ ತಗೋತಾರೆ, ದಂಡ ಹಾಕಿ. ದಂಡ ಎಷ್ಟು ಅಂದ್ರೆ ಪೂರ್ತಿ ಟ್ಯಾಕ್ಸಿಗೂ ಕೃಷಿ ಟ್ಯಾಕ್ಸಿಗೂ ಇರೋ ವ್ಯತ್ಯಾಸದ 10 ಪರ್ಸೆಂಟ್. ನಾನು ಪಕ್ಕದ ಅಜ್ಜನ ಮನೆಗೆ ಹೋದೆ, ಮೈಸೂರ್ ಪಾಕ್ ಡಬ್ಬ ಹಿಡ್ಕೊಂಡು. ಅವನು ವರಾಂಡದಲ್ಲಿ ಕೂತು ಕೈಯಲ್ಲೇ ಒಂದು ಪತ್ರ ಬರೆದುಕೊಟ್ಟ, ಯಾವ ವರ್ಷದಿಂದ ಮೇಯಿಸ್ತಿದೀನಿ, ಎಷ್ಟು ಹಸು, ಎಷ್ಟು ಕರು ಅಂತ. ಜೊತೆಗೆ ಮುಂದಕ್ಕೆ ಅಂತ ಒಂದು ಪುಟದ ಗ್ರೇಜಿಂಗ್ ಲೀಸ್ ಮಾಡ್ಕೊಂಡ್ವಿ. ಕೃಷಿ ಬೆಲೆಗೆ ಹಾಕೋ 50-129 ಅನ್ನೋ ಫಾರಂ ತುಂಬಿಸಿ, ಪತ್ರ, ಲೀಸು, ಬೇಲಿ ಪಕ್ಕ ದನ ನಿಂತಿರೋ ಫೋಟೋ ಎಲ್ಲಾ ಲಗತ್ತಿಸಿ ಜೂನ್ ಮೊದಲ ವಾರ ನಾನೇ ಹೋಗಿ ಕೊಟ್ಟು ಬಂದೆ. ಮಂಜೂರಾಯ್ತು. 32 ಡಾಲರ್ ಟ್ಯಾಕ್ಸು, 537 ಡಾಲರ್ ದಂಡ. ಕವರ್ ಒಡೆಯದೆ ಇನ್ನೆರಡು ತಿಂಗಳು ಬಿಟ್ಟಿದ್ರೆ 5,400.

ಅಷ್ಟಕ್ಕೆ ಮುಗೀಲಿಲ್ಲ. 2022ರ ಬೇಸಿಗೆ ಇಲ್ಲಿದ್ದವರಿಗೆ ನೆನಪಿರುತ್ತೆ, ಮಳೆನೇ ಇಲ್ಲ, ನಮ್ಮ ಹುಲ್ಲೆಲ್ಲ ಸುಟ್ಟು ಕಾಲಿಟ್ರೆ ಪುಡಿಪುಡಿ. ಅಜ್ಜ ಅರ್ಧಕ್ಕರ್ಧ ದನ ಮಾರಿದ, ಉಳಿದಿದ್ದನ್ನ ತನ್ನ ಜಮೀನಿಗೆ ವಾಪಸ್ ಹೊಡ್ಕೊಂಡು ಹೋದ, ಮುಂದಿನ ವರ್ಷಕ್ಕೆ ನಾನು ಬರಲ್ಲ ಕಣಪ್ಪ ಅಂತ ಮರ್ಯಾದೆಯಾಗೇ ಹೇಳಿದ. ನಾನೇ ದನ ಕೊಳ್ಳೋಣ ಅಂದ್ರೆ ನಾವು ಇರೋದು ಆಸ್ಟಿನ್ನಲ್ಲಿ, ಹಸು ಕರು ಹಾಕೋವಾಗ ನಂಗೆ ಆಫೀಸ್ ಮೀಟಿಂಗ್ ಇದೆ ಅಂದ್ರೆ ಕೇಳುತ್ತಾ? ಆಗ ಕಣ್ಣಿಗೆ ಬಿದ್ದಿದ್ದು ಜೇನು.

5ರಿಂದ 20 ಎಕರೆವರೆಗಿನ ಜಮೀನಿಗೆ ಜೇನು ಸಾಕಾಣಿಕೆನೂ ವ್ಯವಸಾಯ ಅಂತ ಟೆಕ್ಸಾಸಲ್ಲಿ ಕಾನೂನಿದೆ, 2011ರಲ್ಲಿ ಪಾಸಾಗಿದ್ದು. ಎಷ್ಟು ಪೆಟ್ಟಿಗೆ ಅನ್ನೋದು ಮತ್ತೆ ಕೌಂಟಿ ಲೆಕ್ಕ, ಸುಮಾರು ಕಡೆ ಮೊದಲ 5 ಎಕರೆಗೆ 6 ಪೆಟ್ಟಿಗೆ, ಆಮೇಲೆ ಪ್ರತಿ ಎರಡೂವರೆ ಎಕರೆಗೆ ಇನ್ನೊಂದು. ನಮ್ಮ 12 ಎಕರೆಗೆ 9 ಬಂತು. ಇಲ್ಲೊಂದು ಗುಂಡಿ ಇದೆ, ನನ್ನ ಸ್ನೇಹಿತನೊಬ್ಬ ಸರಿಯಾಗಿ ಬಿದ್ದ. 5 ಎಕರೆ ಸಾಕಲ್ಲ ಅಂತ ಕರೆಕ್ಟಾಗಿ 5 ಎಕರೆ ತಗೊಂಡ, ಮನೆ ಕಟ್ಟಿದ. ಮನೆ, ಅಂಗಳ, ಗ್ಯಾರೇಜು ಅಂತ 1 ಎಕರೆ ಲೆಕ್ಕದಿಂದ ಆಚೆ ಹೋಯ್ತು, ಉಳಿದಿದ್ದು 4. ಜೇನಿಗೆ 5 ಬೇಕು. ಅವನೀಗ ಪಕ್ಕದವರ ಹತ್ರ 1 ಎಕರೆ ಕೊಡ್ತೀರಾ ಅಂತ ಗೋಗರೀತಿದಾನೆ.

ಪೆಟ್ಟಿಗೆ ಬಾಡಿಗೆಗೂ ಸಿಗುತ್ತೆ. ಜೇನು ಕಸುಬಿನೋರೇ ತಂದಿಟ್ಟು, ನೋಡ್ಕೊಂಡು, ನಿಮ್ಮ ಫಾರಮ್ಮೂ ತುಂಬಿಸಿಕೊಡ್ತಾರೆ, ವರ್ಷಕ್ಕೆ ಪೆಟ್ಟಿಗೆಗಿಷ್ಟು ಅಂತ ದುಡ್ಡು. ಕೆಲಸ ಜಾಸ್ತಿ ಇರೋರಿಗೆ ಅದೇ ವಾಸಿ, ನಾಚಿಕೆ ಪಡೋಂಥದ್ದೇನಿಲ್ಲ. ನಾನು ಮಾತ್ರ ಸ್ವಂತ ತಗೊಂಡೆ, ಯಾಕಂದ್ರೆ 2023ರ ಏಪ್ರಿಲ್‌ಗೆ ಅಪ್ಪ ಬರೋರಿದ್ರು.

ಅಪ್ಪ ನಮ್ಮೂರಲ್ಲಿ ಒಂದು ಕಾಲಕ್ಕೆ ಇಪ್ಪತ್ತು ಪೆಟ್ಟಿಗೆ ತುಡುವೆ ಜೇನು ಸಾಕಿದ್ದೋರು, ಕಾಫಿ ತೋಟದ ಬದಿಲಿ. ತೊಂಬತ್ತರ ದಶಕದ ಶುರುವಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ಕಾಯಿಲೆ ಬಂತು ನೋಡಿ, ದಕ್ಷಿಣ ಭಾರತದ ತುಡುವೆನೆಲ್ಲಾ ಬಳಿದುಕೊಂಡು ಹೋಯ್ತು, ಮರಿಗಳು ಚೀಲದಲ್ಲಿ ನೀರು ತುಂಬಿದ ಹಾಗೆ ಊದಿ ಸಾಯ್ತಿದ್ವು. ಒಂದೇ ವರ್ಷದಲ್ಲಿ ಇಪ್ಪತ್ತೂ ಖಾಲಿ. ಆಮೇಲೆ ಅಪ್ಪ ಜೇನಿನ ಸುದ್ದಿಗೇ ಹೋಗಿರಲಿಲ್ಲ, ಪೆಟ್ಟಿಗೆಲಿ ಅಮ್ಮ ಒಣಮೆಣಸಿನಕಾಯಿ ತುಂಬಿಡ್ತಿದ್ಲು.

ಯೋಪಾನ್ ಹೂ ಬಿಟ್ಟಿದ್ದ ಸಮಯ, ಸಣ್ಣ ಬಿಳಿ ಹೂ, ದೂರಕ್ಕೆ ಕಾಣಲ್ಲ, ಆದ್ರೆ ಪೊದೆ ಹತ್ರ ಹೋದ್ರೆ ಇಡೀ ಪೊದೆ ಗುಂಯ್ ಅಂತಿರುತ್ತೆ. ನಾನು ಬಿಳಿ ಸೂಟು, ಬಲೆ ಟೋಪಿ, ಮೊಣಕೈವರೆಗೂ ಗ್ಲೌಸು ಹಾಕ್ಕೊಂಡು ಚಂದ್ರನ ಮೇಲೆ ಇಳಿಯೋನ ಹಾಗೆ ರೆಡಿಯಾಗಿದ್ದೆ. ಅಪ್ಪ ಪಂಚೆ ಮೇಲೆತ್ತಿ ಕಟ್ಟಿ, ಬರೀ ಅಂಗಿಲಿ, ಹೊಗೆ ಡಬ್ಬಿಗೆ ಒಣ ಜುನಿಪರ್ ತೊಗಟೆ ತುರುಕಿ ಎರಡು ಸಲ ಪುಸ್ ಪುಸ್ ಅಂತ ಬಿಟ್ಟು ಮುಚ್ಚಳ ಎತ್ತೇಬಿಟ್ರು. ಚೌಕಟ್ಟು ಒಂದನ್ನ ಎರಡು ಬೆರಳಲ್ಲಿ ಹಿಡಿದು ಮೇಲಕ್ಕೆತ್ತಿ ಸೂರ್ಯನ ಕಡೆ ತಿರುಗಿಸಿ ನೋಡಿದ್ರು. ಬಹಳ ಹೊತ್ತು ಮಾತೇ ಇಲ್ಲ.

"ದಪ್ಪ ಇದಾವೆ ಕಣೋ. ತುಡುವೆಗಿಂತ ದಪ್ಪ. ಆದ್ರೆ ಪಾಪದವು." ಆಮೇಲೆ ಒಂದು ಕೋಣೆ ತೋರಿಸಿ, "ನೋಡಿಲ್ಲಿ, ಮೊಟ್ಟೆ ನೆಟ್ಟಗೆ ನಿಂತಿದೆ, ಇವತ್ತೇ ಇಟ್ಟಿರೋದು. ರಾಣಿ ಚೆನ್ನಾಗಿದಾಳೆ." ನನ್ನ ಕಣ್ಣಿಗೆ ಏನೂ ಕಾಣ್ಲಿಲ್ಲ, ಬಲೆ ಬೇರೆ ಅಡ್ಡ.

ಆಮೇಲೆ ಪೆಟ್ಟಿಗೆ ಮುಚ್ಚಿ ಅಪ್ಪ ಕೇಳಿದ್ರು, "ಅಲ್ಲಾ, ಜೇನು ಸಾಕಿದ್ರೆ ಕಂದಾಯ ಬಿಡ್ತಾರೆ ಅಂದ್ರೆ, ಜೇನು ಇದೆ ಅಂತ ಇವರಿಗೆ ಗೊತ್ತಾಗೋದು ಹೆಂಗೆ? ಶಾನುಭೋಗರು ಬರ್ತಾರಾ?" ಬರ್ತಾರೆ. ಆ ವರ್ಷ ಆಗಸ್ಟಲ್ಲಿ ಒಬ್ರು ಬಂದ್ರು, ಬಿಳಿ ಪಿಕಪ್ ಟ್ರಕ್ಕಲ್ಲಿ, ಗೇಟಿನ ಆಚೆ ನಿಂತು ಫೋನ್ ಮಾಡಿದ್ರು, ನಾನು ಅವತ್ತು ಪುಣ್ಯಕ್ಕೆ ಅಲ್ಲೇ ಇದ್ದೆ. ಪೆಟ್ಟಿಗೆ ಎಣಿಸಿದ್ರು, ಸ್ವಲ್ಪ ದೂರದಲ್ಲೇ ನಿಂತು ಬಾಗಿಲಲ್ಲಿ ಹುಳ ಹೋಗಿ ಬಂದು ಮಾಡ್ತಿದಾವಾ ಅಂತ ನೋಡಿದ್ರು, ಫೋಟೋ ತಗೊಂಡ್ರು. ಒಂದು ಪೆಟ್ಟಿಗೆ ಸತ್ತಿತ್ತು, ಕೆಂಪು ಬೆಂಕಿ ಇರುವೆ ಒಳಗೆ ನುಗ್ಗಿ ಮುಗಿಸಿತ್ತು. ನಾನು ಮುಚ್ಚಿಡ್ಲಿಲ್ಲ, ಇದು ಸತ್ತಿದೆ, ಬದಲಿ ಕುಟುಂಬಕ್ಕೆ ದುಡ್ಡು ಕಟ್ಟಿದೀನಿ ಅಂತ ರಸೀತಿ ತೋರಿಸಿದೆ. ಆಯ್ತು ಅಂತ ಬರ್ಕೊಂಡು ಹೋದ್ರು. ಆ ರಸೀತಿ ಇಲ್ದಿದ್ರೆ ಏನಾಗ್ತಿತ್ತೋ. ಅವತ್ತಿಂದ ಒಂದು ಹಳೇ ಬಿಸ್ಕೆಟ್ ಡಬ್ಬಿ ಇಟ್ಟಿದೀನಿ, ಸಕ್ಕರೆ ಮೂಟೆ ಬಿಲ್ಲು, ಚೌಕಟ್ಟಿನ ಬಿಲ್ಲು, ಮೈಟ್ (ಜೇನಿಗೆ ಹತ್ತೋ ನುಸಿ) ಔಷಧಿ ಬಿಲ್ಲು, ಜೇನುತುಪ್ಪ ಮಾರಿದ್ದಕ್ಕೆ ಚೀಟಿ, ಎಲ್ಲಾ ಅದರೊಳಗೆ. ತಿಂಗಳಿಗೊಂದ್ಸಲ ಪೆಟ್ಟಿಗೆಗಳ ಫೋಟೋ, ತಾರೀಖು ಬರೋ ಹಾಗೆ. ಊರಲ್ಲಿ ಪಹಣಿಯ ಹನ್ನೆರಡನೇ ಕಾಲಂನಲ್ಲಿ ಏನು ಬೆಳೆ ಅಂತ ಬೇರೆಯವರು ಬರೀತಾರೆ, ಇಲ್ಲಿ ಆ ಕಾಲಂ ನಾವೇ ಬರ್ಕೋಬೇಕು ಅಂದ್ಕೊಳ್ಳಿ.

ರೋಲ್‌ಬ್ಯಾಕ್ ಅಂತ ಒಂದಿದೆ, ಅದಕ್ಕೆ ಜನ ಅನಾವಶ್ಯಕ ಹೆದರ್ತಾರೆ, ಹೆದರಬೇಕಾದ ಕಡೆ ಹೆದರಲ್ಲ. ವ್ಯವಸಾಯದ ಜಮೀನನ್ನ ಬೇರೆ ಉಪಯೋಗಕ್ಕೆ ಬದಲಾಯಿಸಿದ್ರೆ, ಲೇಔಟ್ ಮಾಡಿದ್ರೆ, ಗೋಡೌನ್ ಕಟ್ಟಿದ್ರೆ, ಹಿಂದಿನ 3 ವರ್ಷ ಉಳಿಸಿದ ಟ್ಯಾಕ್ಸ್ ವಸೂಲಿ ಮಾಡ್ತಾರೆ. ಮೊದಲು 5 ವರ್ಷ ಇತ್ತು, ಮೇಲೆ ಬಡ್ಡಿ ಬೇರೆ. 2019ರಲ್ಲಿ 3ಕ್ಕೆ ಇಳಿಸಿದ್ರು, 2021ರಲ್ಲಿ ಬಡ್ಡಿನೂ ತೆಗೆದ್ರು. ದನದಿಂದ ಜೇನಿಗೆ ಹೋದ್ರೆ ರೋಲ್‌ಬ್ಯಾಕ್ ಇಲ್ಲ, ಎರಡೂ ವ್ಯವಸಾಯನೇ. ಸುಮ್ನೆ ಪಾಳು ಬಿಟ್ರೂ ರೋಲ್‌ಬ್ಯಾಕ್ ಬರಲ್ಲ, ಆದ್ರೆ ಕೃಷಿ ಬೆಲೆ ಹೋಗುತ್ತೆ. ನಾವು ಮುಂದೆ 1 ಎಕರೆಲಿ ಮನೆ ಕಟ್ಟಿದ್ರೆ ಆ ಒಂದು ಎಕರೆಗೆ ಮಾತ್ರ, ನಮ್ಮ ಲೆಕ್ಕದಲ್ಲಿ 1,300 ಡಾಲರ್ ಚಿಲ್ಲರೆ, ಅದೇನು ಪ್ರಾಣ ಹೋಗೋ ದುಡ್ಡಲ್ಲ. ನಿಜವಾಗಿ ಹೆದರಬೇಕಾಗಿದ್ದು ಕೊಳ್ಳೋವಾಗ. ಈ ಬಾಕಿ ಭೂಮಿ ಮೇಲೆ ಕೂರುತ್ತೆ, ಮಾರಿದವನ ಮೇಲಲ್ಲ, ಆದ್ರಿಂದ ರೋಲ್‌ಬ್ಯಾಕ್ ಬಂದ್ರೆ ಯಾರು ಕಟ್ಟೋದು ಅಂತ ಕರಾರಲ್ಲಿ ಬರೆಸ್ಕೊಳ್ಳಿ. ನೋಡಿ, ನಾನೂ ಅಪ್ಪನ ಹಾಗೇ ಬರೆಸ್ಕೊಳ್ಳಿ ಬರೆಸ್ಕೊಳ್ಳಿ ಅಂತಿದೀನಿ.

ವೀಸಾದಲ್ಲಿರೋರಿಗೆ ಒಂದು ಮಾತು, ಗ್ರೀನ್ ಕಾರ್ಡ್ ಇಲ್ದೆ 10 ಎಕರೆಗಿಂತ ಜಾಸ್ತಿ ಕೃಷಿ ಭೂಮಿ ತಗೊಂಡ್ರೆ 90 ದಿನದೊಳಗೆ ಫೆಡರಲ್ ಕೃಷಿ ಇಲಾಖೆಗೆ ಒಂದು ವರದಿ ಕೊಡಬೇಕು, ಎಫ್‌ಎಸ್‌ಎ-153 ಅಂತ ಫಾರಂ. ಮರೆತ್ರೆ ದಂಡ ಭೂಮಿ ಬೆಲೆಯ ಕಾಲು ಭಾಗದವರೆಗೂ ಹೋಗಬಹುದು. ಇದನ್ನ ಮಾತ್ರ ನನ್ನ ಬ್ಲಾಗ್ ಓದಿ ಬಿಡಬೇಡಿ, ವಕೀಲರನ್ನ ಕೇಳಿ. ತಮಾಷೆ ಅಂದ್ರೆ ಇಷ್ಟೆಲ್ಲಾ ಕಷ್ಟಪಟ್ಟಾದ್ರೂ ಇಲ್ಲಿ ಹೊಲ ಕೊಳ್ಳಬಹುದು, ಊರಲ್ಲಿ ಎನ್‌ಆರ್‌ಐ ಆದ ನಾನು ಅಪ್ಪನ ತೋಟದ ಪಕ್ಕ ಅರ್ಧ ಎಕರೆ ಕೃಷಿ ಭೂಮಿ ಕೊಳ್ಳೋ ಹಾಗಿಲ್ಲ. ಪಿತ್ರಾರ್ಜಿತವಾಗಿ ಬಂದ್ರೆ ಇಟ್ಕೋಬಹುದು ಅಷ್ಟೆ.

ಈಗ ತಲೇಲಿರೋದು ವೈಲ್ಡ್‌ಲೈಫ್ ಮ್ಯಾನೇಜ್ಮೆಂಟ್. ಈಗಾಗ್ಲೇ ಕೃಷಿ ಬೆಲೆ ಇರೋ ಜಮೀನನ್ನ ಕಾಡುಪ್ರಾಣಿಗಳಿಗೆ ಅಂತ ಬಿಡಬಹುದು, ಟ್ಯಾಕ್ಸ್ ಅಷ್ಟೇ ಇರುತ್ತೆ, 1995ರಲ್ಲಿ ಅದಕ್ಕೂ ಓಟು ಹಾಕಿ ಒಪ್ಪಿದ್ರು. ಏಳು ಥರದ ಕೆಲಸದಲ್ಲಿ ಮೂರಾದ್ರೂ ಮಾಡಬೇಕು, ನೀರಿಡೋದು, ಮೇವಿಡೋದು, ಗೂಡು ಕಟ್ಟೋದು, ಮಣ್ಣು ಕೊಚ್ಚಿಹೋಗದ ಹಾಗೆ ನೋಡ್ಕೊಳ್ಳೋದು, ಹಕ್ಕಿ ಎಣಿಸೋದು, ಹೀಗೆ. ಜೇನಿನ ಹಾಗೆ ಆಗಸ್ಟ್ ಬಿಸಿಲಲ್ಲಿ ಸೂಟು ಹಾಕ್ಕೊಂಡು ಬೇಯೋದು ತಪ್ಪುತ್ತೆ. ಪ್ಲಾನ್ ಬರೆದು ಕೊಡಬೇಕು, ಫಾರಂ ಡೌನ್‌ಲೋಡ್ ಮಾಡಿಟ್ಟಿದೀನಿ. ಫೋನಲ್ಲಿ ಅಪ್ಪನಿಗೆ ಹೇಳ್ದೆ.

"ಹಕ್ಕಿ ಎಣಿಸಿದ್ರೆ ಕಂದಾಯ ಕಮ್ಮಿನಾ?"

"ಹೂಂ ಅಪ್ಪಾ."

"ಹಂದಿ ಬರುತ್ತಾ ಅಲ್ಲಿ?"

"ಬರುತ್ತೆ. ಕಾಡುಹಂದಿ, ರಾತ್ರಿ ಹೊತ್ತು."

"ಹಂಗಾದ್ರೆ ಅದನ್ನೂ ಎಣಿಸ್ತಾರೇನೋ, ಕೇಳಿ ನೋಡು. ಆದ್ರೆ ಜೇನು ತೆಗೀಬೇಡ, ನಾನು ಮಾರ್ಚಿಗೆ ಬರ್ತೀನಿ."

ಟಿಕೆಟ್ ಬುಕ್ ಆಗಿದೆ. ಈಗ ಎಂಟು ಪೆಟ್ಟಿಗೆ ಜೀವಂತ ಇವೆ, ಒಂಬತ್ತನೇದಕ್ಕೆ ಆರ್ಡರ್ ಹಾಕಿದೀನಿ.